ಕೊರಡಿನ ತೋಟ ಮತ್ತು ಜರಿಗಿಡದ ಹುಚ್ಚು

ಕೊರಡು ಎಂದೊಡನೆ ಕನ್ನಡಿಗರಿಗೆ ಬಸವಣ್ಣನವರ ವಚನ ನೆನಪಾಗುವುದು ಸಹಜ. ಅಲ್ಲಿ ಕೊರಡಿಗೆ ಜೀವ ಬರಬೇಕಾದರೆ ದೈವವೇ ಒಲಿಯಬೇಕು. ತೋಟಗಾರನ ಕೊರಡಿಗೆ ಅಷ್ಟೇನೂ ಬೇಕಿಲ್ಲ. ಒಂದು ಉಳಿ, ಒಂದು ಬೈರಿಗೆ, ಎರಡು ಬುಟ್ಟಿ ಗೊಬ್ಬರದ ಮಣ್ಣು ಸಾಕು. ಅಂಗಳದ ಮರವನ್ನು ಕಡಿದ ಮೇಲೆ ಉಳಿದ ಬೊಡ್ಡೆಯ ನಡುಭಾಗವನ್ನು ಕೊರೆದು ತೆಗೆದು, ಸುತ್ತಲೂ ನಾಲ್ಕು ಬೆರಳು ದಪ್ಪದ ಗೋಡೆ ಉಳಿಸಿ, ನೀರು ಬಸಿದುಹೋಗಲು ರಂಧ್ರವಿಟ್ಟು, ಅದರಲ್ಲಿ ಗಿಡ ನೆಟ್ಟವರನ್ನು ನೀವೂ ಕಂಡಿರಬಹುದು. ಇಂತಹ ಸಣ್ಣ ಹವ್ಯಾಸಕ್ಕೂ ಒಂದು ಚರಿತ್ರೆಯಿದೆ. ವಿಕ್ಟೋರಿಯಾ ರಾಣಿಯ ಕಾಲದ ಪಾಠವೆಂದರೆ 1857ರ ದಂಗೆ, 1858ರ ಘೋಷಣೆ ಎಂದು ಓಡುವ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿದ್ದಿಲ್ಲ.

ಮರದ ನಡುವಿನ ಚೇಗು ಗಟ್ಟಿಯಾದುದು, ಆದರೆ ನಿರ್ಜೀವವಾದುದು. ಮರದ ಜೀವವಿರುವುದು ತೊಗಟೆಯ ಒಳಗಿನ ಪದರಗಳಲ್ಲಿ. ಆದುದರಿಂದಲೇ ಒಳಗೆಲ್ಲ ಪೊಟರೆಯಾದ ಮರವೂ ನೂರಾರು ವರ್ಷ ಹಸುರಾಗಿ ನಿಲ್ಲಬಲ್ಲುದು. ಆ ಪೊಟರೆಯನ್ನು ಕೊರೆಯುವುದು ಶಿಲೀಂಧ್ರ. ಅದು ಹಲವು ವರ್ಷಗಳಲ್ಲಿ ಮಾಡುವ ಕೆಲಸವನ್ನು ಉಳಿ ಹಿಡಿದವನು ಒಂದು ದಿನದಲ್ಲಿ ಮಾಡುತ್ತಾನೆ. ತೇವವನ್ನು ಹಿಡಿದಿಡುವ, ನೆರಳಿರುವ, ನಿಧಾನವಾಗಿ ಕೊಳೆತು ತಾನೇ ಗೊಬ್ಬರವಾಗುವ ಇಂತಹ ಪಾತ್ರೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬೆಳೆಯುವುದು ಫರ್ನ್ ಎಂದು ಕರೆಯುವ ಜರಿಗಿಡ. ಹೂವಿಲ್ಲದ, ಬೀಜವಿಲ್ಲದ ಈ ಗಿಡಕ್ಕೂ ಮರದ ಬೊಡ್ಡೆಗೂ ನಂಟು ಬೆಳೆದ ಕಥೆಯೇ ಇಲ್ಲಿಯ ವಿಷಯ.

ಕಥೆ ಆರಂಭವಾಗುವುದು ಲಂಡನ್ ನಗರದ ಹೊಗೆಯಲ್ಲಿ. ನಥಾನಿಯಲ್ ವಾರ್ಡ್ ಎಂಬ ವೈದ್ಯನಿಗೆ ಜರಿಗಿಡ ಬೆಳೆಸುವ ಆಸೆ. ಆದರೆ ಇದ್ದಿಲಿನ ಮಸಿ ಅವುಗಳನ್ನು ಉಳಿಯಗೊಡಲಿಲ್ಲ. 1829ರಲ್ಲಿ ಪತಂಗದ ಕೋಶವೊಂದನ್ನು ಆತ ಹಸಿಮಣ್ಣಿನ ಜೊತೆಗೆ ಮುಚ್ಚಿದ ಸೀಸೆಯೊಳಗಿಟ್ಟಿದ್ದ. ಕೆಲವು ದಿನಗಳಲ್ಲಿ ಆ ಮಣ್ಣಿನಲ್ಲಿ ಒಂದು ಪುಟ್ಟ ಜರಿಗಿಡವೂ ಹುಲ್ಲೂ ಮೊಳೆತವು. ಹೊಗೆ ಒಳಬಾರದ ಗಾಜಿನ ಪೆಟ್ಟಿಗೆ ಅಲ್ಲಿಂದ ಹುಟ್ಟಿತು. ಇಂತಹ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದುವೆಂಬುದು ಬೇರೆಯೇ ಒಂದು ಅಧ್ಯಾಯ. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಯಿತು. ರೈಲು ಬಂದುದರಿಂದ ಪೇಟೆಯವರು ಕಾಡುಮೇಡುಗಳಿಗೆ ಹೋಗಿಬರುವುದು ಸುಲಭವಾಯಿತು. ಮಧ್ಯಮವರ್ಗದ ಮನೆಮನೆಗೂ ಜರಿಗಿಡ ಬಂದಿತು. 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್ಲಿ ಈ ಗೀಳಿಗೆ ಪ್ಟೆರಿಡೋಮೇನಿಯಾ, ಅಂದರೆ ಜರಿಗಿಡದ ಹುಚ್ಚು, ಎಂದೇ ಹೆಸರಿಟ್ಟನು.

ಮರುವರ್ಷವೇ, 1856ರಲ್ಲಿ, ಸ್ಟಾಫರ್ಡ್‌ಷೈರಿನ ಬಿಡಲ್ಫ್ ಗ್ರೇಂಜ್ ಎಂಬ ತೋಟದಲ್ಲಿ ಒಂದು ವಿಚಿತ್ರ ರಚನೆ ಕಾಣಿಸಿಕೊಂಡಿತು. ಅದರ ಒಡೆಯ ಜೇಮ್ಸ್ ಬೇಟ್‌ಮನ್ ಸಿರಿವಂತ, ಆರ್ಕಿಡ್ ಸಸ್ಯಗಳ ಮಹಾಮೋಹಿ. ಅವನಿಗೆ ನೆರವಾದವನು ಹಡಗು-ಸಮುದ್ರಗಳ ಚಿತ್ರಕಾರನಾದ ಎಡ್ವರ್ಡ್ ಕುಕ್. ಸಾಮಾನ್ಯವಾಗಿ ಸುಟ್ಟುಹಾಕುವ ಬೊಡ್ಡೆಗಳನ್ನು ಬೇರುಸಹಿತ ತರಿಸಿ, ತಲೆಕೆಳಗಾಗಿ ಒಂದರ ಮೇಲೊಂದು ಪೇರಿಸಿ, ಅಂಕುಡೊಂಕಾದ ಕಾಲುದಾರಿಯ ಇಕ್ಕೆಲದಲ್ಲಿ ಸುಮಾರು 3 ಮೀಟರ್ ಎತ್ತರದ ಗೋಡೆ ಕಟ್ಟಿಸಲಾಯಿತು. ಬೇರಿನ ಸಂದುಗಳಲ್ಲಿ, ಕೊರೆದ ಕುಳಿಗಳಲ್ಲಿ ಮಣ್ಣು ತುಂಬಿ ಗಿಡ ನೆಟ್ಟರು. ಆಕಾಶದತ್ತ ಬೆರಳು ಚಾಚಿದಂತಿರುವ ಬೇರುಗಳ ನಡುವೆ ಹಸುರು ಜರಿ ಇಳಿಬಿದ್ದ ಆ ದೃಶ್ಯವನ್ನು ಚಿತ್ರಕಾರನ ಕಣ್ಣಿಲ್ಲದೆ ಕಲ್ಪಿಸಲಾಗದು. ಇಂಗ್ಲಿಷರು ಇದನ್ನು ಸ್ಟಂಪರಿ ಎಂದರು. ಆದೇಶಸಂಧಿಯನ್ನು ಮರೆಯದ ನನ್ನ ವಿದ್ಯಾರ್ಥಿಗಳು ಕೊರಡುದೋಟ ಎಂದಾರು! ಇದೇ ಮೊದಲನೆಯದೆಂದು ಪ್ರಸಿದ್ಧಿ. ನೋಡಿದವರೆಲ್ಲ ತಮ್ಮ ಹಿತ್ತಿಲಿನಲ್ಲಿಯೂ ಒಂದಿರಲೆಂದು ಬಯಸಿದರು. ಗಾಜಿನ ಮನೆಗೆ ಹಣವಿಲ್ಲದವರಿಗೂ ಒಂದು ಬೊಡ್ಡೆ ಸಿಕ್ಕೇ ಸಿಗುತ್ತಿತ್ತು.

ಬೊಡ್ಡೆಗಳು ಸಿಕ್ಕವು, ಅವುಗಳಲ್ಲಿ ನೆಡುವ ಗಿಡಗಳೋ? ಅವುಗಳಲ್ಲಿ ಬಹುಪಾಲು ಬಂದುದು ಕಾಡಿನಿಂದ. ಕಾಡಿನ ಒಂದು ತುಣುಕನ್ನು ಮನೆಯ ಬಳಿ ನಿರ್ಮಿಸಲು ಹೊರಟವರು ಇದ್ದ ಕಾಡನ್ನೇ ಬರಿದುಮಾಡತೊಡಗಿದರು. ಸಂಗ್ರಾಹಕರು ಬುಟ್ಟಿಗಟ್ಟಲೆ ಕಿತ್ತರು, ವ್ಯಾಪಾರಿಗಳು ಗಾಡಿಗಟ್ಟಲೆ ಸಾಗಿಸಿದರು. ಅಪರೂಪದ ಗಿಡ ಎಟುಕದ ಬಂಡೆಗಳಲ್ಲಿ ಮಾತ್ರ ಉಳಿಯಿತು. ವೇಲ್ಸಿನ ಸ್ನೋಡನ್ ಪರ್ವತದಲ್ಲಿ ಸಸ್ಯಾಸಕ್ತರಿಗೆ ದಾರಿ ತೋರಿಸುತ್ತಿದ್ದ ವಿಲಿಯಮ್ ವಿಲಿಯಮ್ಸ್ ಎಂಬಾತ 1861ರಲ್ಲಿ ಅಂತಹ ಒಂದು ಜರಿಗಿಡವನ್ನು ಕೀಳಹೋಗಿ ಪ್ರಪಾತಕ್ಕೆ ಬಿದ್ದು ಸತ್ತನು. ಗಿಡ ಬೇಕಾದವರು ಯಾರೋ, ಪ್ರಾಣ ಕೊಟ್ಟವನು ಯಾರೋ!

ಈ ದಾಹ ಆ ದ್ವೀಪಕ್ಕೆ ಸೀಮಿತವಾಗಿರಲಿಲ್ಲ. ಬೇಟ್‌ಮನ್ನನ ಮೆಚ್ಚಿನ ಆರ್ಕಿಡ್‌ಗಳದೂ ಅದೇ ಗತಿ. ಸಸ್ಯವಿಜ್ಞಾನಿ ಜೋಸೆಫ್ ಹೂಕರ್ 1850ರಲ್ಲಿ ನಮ್ಮ ಈಶಾನ್ಯದ ಖಾಸಿ ಬೆಟ್ಟಗಳಿಂದ ನೀಲಿ ವಾಂಡ ಎಂಬ ಆರ್ಕಿಡ್ಡನ್ನು ಏಳು ಆಳು ಹೊರುವಷ್ಟು ಸಂಗ್ರಹಿಸಿ ಕಳುಹಿಸಿದನು. ಇಂಗ್ಲೆಂಡನ್ನು ಜೀವಸಹಿತ ತಲಪಿದವು ಕೆಲವೇ ಕೆಲವು. ಅವನು ಅದನ್ನು ಮುಚ್ಚಿಡದೆ ತನ್ನ ಪ್ರವಾಸಗ್ರಂಥದಲ್ಲಿ ಬರೆದಿರುವನೆಂಬುದು ಅವನ ಪ್ರಾಮಾಣಿಕತೆ. ಉಳಿದ ವ್ಯಾಪಾರಿ ಸಂಗ್ರಾಹಕರಲ್ಲಿ ಅಷ್ಟನ್ನೂ ನಿರೀಕ್ಷಿಸುವಂತಿಲ್ಲ.

20ನೆಯ ಶತಮಾನದ ಆರಂಭದ ಹೊತ್ತಿಗೆ ಹುಚ್ಚು ಇಳಿಯಿತು. ಬಿಡಲ್ಫ್ ಗ್ರೇಂಜಿನ ಮನೆಗೆ 1896ರಲ್ಲಿ ಬೆಂಕಿ ಬಿದ್ದಿತು, ಮತ್ತೆ ಕಟ್ಟಿದ ಕಟ್ಟಡ ಮುಂದೆ ಆಸ್ಪತ್ರೆಯಾಯಿತು, ತೋಟ ಪಾಳುಬಿದ್ದಿತು. 1988ರಲ್ಲಿ ನ್ಯಾಷನಲ್ ಟ್ರಸ್ಟ್ ಅದನ್ನು ವಹಿಸಿಕೊಂಡು ಜೀರ್ಣೋದ್ಧಾರ ಮಾಡಿತು. ಅದೇ ಶತಮಾನದ ಕೊನೆಯಲ್ಲಿ ಅಂದಿನ ಯುವರಾಜ, ಇಂದಿನ ದೊರೆ ಚಾರ್ಲ್ಸ್ ತನ್ನ ಹೈಗ್ರೋವ್ ತೋಟದಲ್ಲಿ ಚೆಸ್ಟ್‌ನಟ್ ಮರದ ಬೊಡ್ಡೆಗಳಿಂದ ಕೊರಡುದೋಟ ಮಾಡಿಸಿದ ಮೇಲೆ ಈ ಕಲೆ ಮರಳಿ ಚಿಗುರಿತು. ಓಕ್, ಚೆಸ್ಟ್‌ನಟ್‌ಗಳಲ್ಲಿ ಒಗರು ಹೆಚ್ಚು. ಅವು ಬೇಗನೆ ಕೊಳೆಯುವುದಿಲ್ಲ. ನಮ್ಮಲ್ಲಿ ಗೆದ್ದಲಿನ ಕಾಟ. ತೇಗ, ಹಲಸು ಒಂದಿಷ್ಟು ಕಾಲ ತಡೆದಾವು. ಮೆದುಮರದ ಬೊಡ್ಡೆಯನ್ನು ಕೊರೆಯುವ ಶ್ರಮ ಎರಡು ಮಳೆಗಾಲಕ್ಕೆ ಮಣ್ಣುಪಾಲು.

ಈಗ ಅಲ್ಲಿ ಕೊರಡುದೋಟ ಮಾಡುವವರ ಉದ್ದೇಶವೂ ಬದಲಾಗಿದೆ. ಸಾರಂಗದ ಕೊಂಬಿನಂತಹ ದವಡೆಯುಳ್ಳ ಸ್ಟ್ಯಾಗ್ ಬೀಟಲ್ ಎಂಬ ದೊಡ್ಡ ಜೀರುಂಡೆಯ ಮರಿಹುಳು ನೆಲದೊಳಗಿನ ಕೊಳೆತ ಮರವನ್ನು ತಿಂದುಕೊಂಡು ಹಲವು ವರ್ಷ ಕಳೆಯುತ್ತದೆ. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಕೆಲವೇ ವಾರ. ಬೊಡ್ಡೆಗಳನ್ನೆಲ್ಲ ಕಿತ್ತು ನೆಲ ಚೊಕ್ಕಟ ಮಾಡಿದುದರಿಂದ ಅದಕ್ಕೆ ನೆಲೆ ತಪ್ಪಿತ್ತು. ಜರಿಗಿಡಗಳನ್ನೂ ಇಂದು ಸಸ್ಯಾಗಾರಗಳಲ್ಲಿ ಬೀಜಕಗಳಿಂದಲೇ ಬೆಳೆಸಿ ಮಾರುತ್ತಾರೆ.

ಐರ್ಲೆಂಡಿನ ಕಿಲಾರ್ನಿ ಜರಿಗಿಡ ಮಾತ್ರ ಅಂದಿನ ಪೆಟ್ಟಿನಿಂದ ಇನ್ನೂ ಚೇತರಿಸಿಕೊಂಡಿಲ್ಲ. ಬೆಳಕು ಹಾಯುವಷ್ಟು ತೆಳುವಾದ ಅದರ ಎಲೆಗಾಗಿ ವಿಕ್ಟೋರಿಯಾ ಕಾಲದವರು ಜಲಪಾತಗಳ ಮರೆಯನ್ನೆಲ್ಲ ಜಾಲಾಡಿದ್ದರು. ಅದು ಉಳಿದಿರುವ ತಾಣಗಳನ್ನು ಸಸ್ಯವಿಜ್ಞಾನಿಗಳು ಇಂದಿಗೂ ಬಹಿರಂಗಪಡಿಸಲು ಹಿಂಜರಿಯುತ್ತಾರೆ.