ಒಂದು ಹಕ್ಕಿ, ಎರಡು ಹಕ್ಕಿ

ಶಾಲೆಯ ಮೆಟ್ಟಿಲನ್ನೇ ಹತ್ತದ ಮೂರು ನಾಲ್ಕು ವರ್ಷದ ಮಗುವಿಗೆ ಏಕವಚನ ಬಹುವಚನಗಳ ಭೇದವನ್ನು ಯಾರು ಕಲಿಸುತ್ತಾರೆ? ತಾಯಿ ಕಲಿಸುತ್ತಾಳೆಂದು ತಾವು ಹೇಳಬಹುದು. ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಗಳು’ ಪ್ರತ್ಯಯವನ್ನು ಉಪದೇಶಿಸಿದ ತಾಯಿಯನ್ನು ನಾನಂತೂ ಕಾಣೆ. ಹಾಗಾದರೆ ಮಗು ಕೇಳಿದ್ದನ್ನು ಗಿಣಿಯಂತೆ ಒಪ್ಪಿಸುತ್ತದೆಯೋ, ಇಲ್ಲವೆ ತನ್ನೊಳಗೇ ಒಂದು ಸೂತ್ರವನ್ನು ಕಟ್ಟಿಕೊಳ್ಳುತ್ತದೆಯೋ?

ಇದಕ್ಕೆ ಉತ್ತರ ಹುಡುಕಿದ ಬಗೆ ಬಹಳ ಸ್ವಾರಸ್ಯವಾದದ್ದು. ಅಮೆರಿಕದ ಜೀನ್ ಬರ್ಕೊ ಎಂಬ ವಿದುಷಿ 1958ರಲ್ಲಿ ‘ವರ್ಡ್’ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಹಕ್ಕಿಯಂಥ ಒಂದು ಪ್ರಾಣಿಯ ಚಿತ್ರವನ್ನು ಬರೆದು ಅದಕ್ಕೆ ‘ವಗ್’ ಎಂದು ಹೆಸರಿಟ್ಟರು. ಇಂಥ ಪದ ಯಾವ ನಿಘಂಟಿನಲ್ಲಿಯೂ ಇಲ್ಲ. ಉಪಾಯದ ಗುಟ್ಟು ಇರುವುದೇ ಅಲ್ಲಿ. ಮಗು ಎಂದೂ ಕೇಳದ ಪದವಾದ್ದರಿಂದ ನೆನಪು ಸಹಾಯಕ್ಕೆ ಬಾರದು. ಒಂದು ವಗ್ ತೋರಿಸಿ, ಬಳಿಕ ಎರಡನ್ನು ತೋರಿಸಿ, ಇವು ಏನೆಂದು ಕೇಳಿದರು. ಶಾಲೆಗೆ ಸೇರದ ಮಕ್ಕಳಲ್ಲಿ ನೂರಕ್ಕೆ 76 ಉತ್ತರಗಳು ‘ವಗ್ಸ್’ ಎಂದು ಸರಿಯಾಗಿ ಬಂದವು. ಮೊದಲನೆಯ ತರಗತಿಯವರಲ್ಲಿ 97. ಅಂದಮೇಲೆ ಗಿಣಿಪಾಠದ ವಾದ ಬಿದ್ದುಹೋಯಿತು.

ಆದರೆ ಕಥೆ ಅಷ್ಟು ಸರಳವಲ್ಲ. ‘ಗಚ್’ ಎಂಬ ಇನ್ನೊಂದು ಕಲ್ಪಿತ ಪದಕ್ಕೆ ಅವೇ ಎಳೆಯ ಮಕ್ಕಳಲ್ಲಿ ನೂರಕ್ಕೆ 28 ಮಾತ್ರ ಸರಿಯುತ್ತರ. ಇಂಥ ಪದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಸ್ವರ ಸೇರಿ ‘ಗಚಸ್’ ಎಂದಾಗಬೇಕು. ಕೇಳಿ ಬಲ್ಲ ‘ಗ್ಲಾಸ್’ ಪದವನ್ನು ನೂರಕ್ಕೆ 75ರಷ್ಟು ಸರಿಯಾಗಿ ‘ಗ್ಲಾಸಸ್’ ಎಂದವರೇ ಇಲ್ಲಿ ತಡವರಿಸಿದರು. ನೆನಪು ಮುಂದೆ ನಡೆದಿದೆ, ಸೂತ್ರ ಇನ್ನೂ ಹಿಂದೆ ಬರುತ್ತಿದೆ!

ಈ ಪರೀಕ್ಷೆಯನ್ನು ನಮ್ಮ ಮನೆಯ ಮಗುವಿಗೆ ಒಡ್ಡೋಣ. ಚಿತ್ರದ ಪ್ರಾಣಿಗೆ ‘ತೊಗು’ ಎಂದು ಹೆಸರಿಡಿ. ಎರಡನ್ನು ತೋರಿಸಿ ಕೇಳಿದರೆ ಮಗು ‘ಎರಡು ತೊಗು’ ಎನ್ನುತ್ತದೆ. ಇಂಗ್ಲಿಷಿನ ಅಳತೆಗೋಲಿನಿಂದ ಅಳೆದರೆ ಅದಕ್ಕೆ ಸೊನ್ನೆ. ಆದರೆ ಅದು ಹೇಳಿದ್ದು ಅಚ್ಚ ಕನ್ನಡ. ಹೋಟೆಲಿನಲ್ಲಿ ತಾವು ಕೇಳುವುದು ಎರಡು ಇಡ್ಲಿ. ‘ಎರಡು ಇಡ್ಲಿಗಳು’ ಎಂದರೆ ಮಾಣಿ ತಮ್ಮ ಮುಖ ನೋಡಿಯಾನು. ನಾಲ್ಕು ಮನೆ, ಹತ್ತು ರೂಪಾಯಿ, ಮೂರು ಹೂ—ಸಂಖ್ಯೆಯೇ ಬಹುತ್ವವನ್ನು ಹೇಳಿರುವಾಗ ನಪುಂಸಕ ಪದಕ್ಕೆ ಪ್ರತ್ಯಯದ ಹೊರೆ ಬೇಕಿಲ್ಲ. ಹಳಗನ್ನಡ ಕವಿಗಳೂ ಹೀಗೆ ಬಳಸಿದ್ದಾರೆ. ಮನುಷ್ಯರ ವಿಷಯ ಬೇರೆ. ಅಲ್ಲಿ ಸಂಖ್ಯೆಯೇ ರೂಪ ಬದಲಿಸುತ್ತದೆ: ಇಬ್ಬರು ಹುಡುಗರು, ಮೂವರು ಅಣ್ಣಂದಿರು. ಸಾಲದ್ದಕ್ಕೆ, ಒಬ್ಬಳೇ ಅಜ್ಜಿ ಬಂದರೂ ‘ಅಜ್ಜಿ ಬಂದರು’! ಗೌರವಕ್ಕೂ ಬಹುತ್ವಕ್ಕೂ ಒಂದೇ ಉಡುಪು. ಇವೆಲ್ಲವನ್ನೂ ವಿಂಗಡಿಸಿಕೊಳ್ಳುವ ಮಗುವಿನ ಬುದ್ಧಿ ಸಾಮಾನ್ಯದ್ದೇ?

ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಬಹುವಚನ ಪ್ರತ್ಯಯಗಳ ವಿಚಾರವುಂಟು. 1604ರಲ್ಲಿ ಭಟ್ಟಾಕಳಂಕ ಸಂಸ್ಕೃತದಲ್ಲಿಯೇ ಸೂತ್ರ ರಚಿಸಿ ಕನ್ನಡಕ್ಕೆ ವ್ಯಾಕರಣ ಬರೆದ. ಸಂಸ್ಕೃತಕ್ಕೆ ಮೂರು ವಚನ, ನಮಗೆ ಎರಡೇ. ಮುಂದೆ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. ಅದು ಇಂಗ್ಲಿಷ್ ಬಲ್ಲವರಿಗೆ ಕನ್ನಡ ಕಲಿಸಲು ಬರೆದದ್ದು. ಇವರಲ್ಲಿ ಯಾರೂ ಹಾಲುಹಲ್ಲಿನ ಮಕ್ಕಳಿಗಾಗಿ ಬರೆಯಲಿಲ್ಲ. ‘ಮರ—ಮರಗಳು, ಹೂ—ಹೂಗಳು’ ಎಂಬ ಜೋಡಿಪಟ್ಟಿಯನ್ನು ಶಿಶುವಿಹಾರದ ಗೋಡೆಗೆ ತಗುಲಿಹಾಕಿದವರು ನಾವು, ಮೇಷ್ಟರುಗಳು. ಪಟ್ಟಿ ತಪ್ಪಲ್ಲ. ಆದರೆ ಅದರ ಪಕ್ಕದಲ್ಲಿ ಅಂಕೆಗಳನ್ನಿಟ್ಟು ‘ಮೂರು ಹೂಗಳು’ ಎಂದೇ ಹೇಳಬೇಕೆಂದು ಹಟ ಹಿಡಿದಾಗ ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದಂತಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಬೀದಿಯ ನಾಲ್ಕು ವರ್ಷದ ಹುಡುಗಿಯೊಬ್ಬಳು ಚಿತ್ರ ನೋಡಿ ‘ಮೂರು ಹೂ’ ಎಂದಳಂತೆ. ತಪ್ಪೆಂದು ತಿದ್ದಿದರು. ಮರುದಿನ ಬೆಳಗ್ಗೆ ಆ ಮಗು, ‘ಅಮ್ಮಾ, ನಂಗೆ ಎರಡು ದೋಸೆಗಳು’ ಎಂದಿತು. ಮನೆಯವರೆಲ್ಲ ನಕ್ಕರು. ಮಗು ನಗಲಿಲ್ಲ, ಎರಡು ದಿನ ತಿಂಡಿಯನ್ನು ಬೆರಳು ತೋರಿಸಿಯೇ ಕೇಳಿತು.

ಮನೆಯಲ್ಲಿ ಪರೀಕ್ಷಿಸುವ ಕುತೂಹಲ ತಮಗಿದ್ದರೆ ಅಂಕೆಯನ್ನು ಬಿಟ್ಟು ಕೇಳಿ. ಒಂದು ತೊಗುವಿನ ಚಿತ್ರ, ಬಳಿಕ ಪುಟದ ತುಂಬ ಅವೇ, ‘ಇವೆಲ್ಲ ಏನು?’ ಎನ್ನಿ. ಆಗ ‘ತೊಗುಗಳು’ ಹೊರಟೀತು. ಬಳಿಕ ಒಬ್ಬ ಹುಡುಗನನ್ನೂ ಅವನ ಜೊತೆಗೆ ಇನ್ನೊಬ್ಬನನ್ನೂ ತೋರಿಸಿ. ಮೂರು ವರ್ಷದ್ದಾದರೆ ‘ಎರಡು ಹುಡುಗ’ ಎಂದೀತು. ತಿದ್ದಲು ಹೋಗಬೇಡಿ. ‘ಹೌದು ಮರಿ, ಇಬ್ಬರು ಹುಡುಗರು. ಎಲ್ಲಿಗೆ ಹೊರಟಿದ್ದಾರೆ ಹೇಳು?’ ಎಂದು ಕಥೆಯನ್ನು ಮುಂದುವರಿಸಿ.