ಅಂಚೆಮನೆಯಲ್ಲೇ ಉಳಿದ ಕಾಗದಗಳು

ಮನೆಗೆ ಹೊಸದಾಗಿ ಕಂಪ್ಯೂಟರು ತಂದವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಇ-ಮೇಲಿಗೆ ಯಾವ ಸೇವೆ ಒಳ್ಳೆಯದು? ತೊಡಕಿಲ್ಲದ್ದು, ನಂಬಬಹುದಾದದ್ದು ಯಾವುದು? ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನನ್ನೂ ಹೀಗೆ ಕೇಳುವವರುಂಟು. ಈ ಪ್ರಶ್ನೆಗೆ ಅಂಗಡಿಯವನ ಉತ್ತರ ಒಂದು, ಇತಿಹಾಸದ ಉತ್ತರ ಇನ್ನೊಂದು. ಎರಡನೆಯದನ್ನು ವಾಚಕರ ಮುಂದಿಡುವುದು ಇಲ್ಲಿನ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆಯ ಏರ್ಪಾಡೊಂದು ಇದ್ದಿತು. ಸುಮಾರು ಎರಡು ಶತಮಾನ ಬಾಳಿದ ಆ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆಗ ಜನರ ಹಳೆಯ ಕಾಗದಗಳು ಏನಾದುವು? ಏನೂ ಆಗಲಿಲ್ಲ. ಕಾಗದವನ್ನು ಕೈಗೆ ಮುಟ್ಟಿಸಿದೊಡನೆ ಅಂಚೆಯ ಹೊಣೆ ತೀರಿತು. ಅಲ್ಲಿಂದ ಮುಂದೆ ಅದು ಪಡೆದವನ ಸೊತ್ತು. ನಡುಮನೆಯ ಗೋಡೆಯ ತಂತಿಗೆ ಚುಚ್ಚಿಟ್ಟದ್ದು, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕಟ್ಟಿಟ್ಟದ್ದು ಹಾಗೆಯೇ ಉಳಿಯಿತು. ಒಬ್ಬ ಕವಿ ಯಾವ ವರ್ಷ ಯಾವ ಊರಿನಲ್ಲಿದ್ದ, ಒಂದು ಕೃತಿ ಯಾವಾಗ ಮುಗಿಯಿತು ಎಂಬುದನ್ನು ನಮ್ಮಂಥ ಅಧ್ಯಾಪಕರು ನಿರ್ಧರಿಸುವುದು ಎಷ್ಟೋ ಸಲ ಇಂಥ ಕಾಗದಗಳಿಂದಲೇ.

ಇ-ಮೇಲಿನ ಚರಿತ್ರೆಯನ್ನು ನೋಡಿದರೆ ಕಾಗದ ಮನೆಗೆ ಬರುವುದೋ ಅಂಚೆಮನೆಯಲ್ಲೇ ಉಳಿಯುವುದೋ ಎಂಬ ಪ್ರಶ್ನೆ ಅದರ ಉದ್ದಕ್ಕೂ ಹರಿದಿರುವುದು ಕಾಣುತ್ತದೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬ ಎಂಜಿನಿಯರು ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಆ ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿದ್ದುವು. ಹೆಸರನ್ನೂ ಯಂತ್ರವನ್ನೂ ಬೇರ್ಪಡಿಸಲು ಅವರು ಆರಿಸಿದ 'ಅಟ್' ಚಿಹ್ನೆ ಇಂದಿಗೂ ನಮ್ಮ ವಿಳಾಸಗಳ ನಡುವೆ ಕುಳಿತಿದೆ. ಆಗ ಸಂಸ್ಥೆಯ ದೊಡ್ಡ ಯಂತ್ರವೇ ಅಂಚೆಮನೆ. ಕಾಗದ ಓದಬೇಕಾದವರು ಅದರ ಬಳಿಗೇ ಹೋಗಬೇಕಾಗಿದ್ದಿತು.

ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರುಗಳು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅವು ಹಗಲಿರುಳೂ ಜಾಲದಲ್ಲಿರುವಂಥವಲ್ಲ. ಅವುಗಳಿಗಾಗಿ 1984ರಲ್ಲಿ ಒಂದು ನಿಯಮಾವಳಿ ರಚಿತವಾಯಿತು. ಅದರ ಹೆಸರೇ ಪೋಸ್ಟ್ ಆಫೀಸ್ ಪ್ರೋಟೊಕಾಲ್, ಸಂಕ್ಷೇಪವಾಗಿ 'ಪಾಪ್'. ಸಣ್ಣ ಯಂತ್ರ ಬಂದು ಕೇಳಿದಾಗ ದೊಡ್ಡ ಯಂತ್ರ ಕಾಗದಗಳನ್ನು ಒಪ್ಪಿಸುವುದು ಇದರ ಕ್ರಮ. 1986ರಲ್ಲಿ ಮಾರ್ಕ್ ಕ್ರಿಸ್ಪಿನ್ ಎಂಬವರು ರೂಪಿಸಿದ 'ಐಮ್ಯಾಪ್' ಇದಕ್ಕೆ ಪ್ರತಿಯಾದ ದಾರಿ: ಮೂಲಪ್ರತಿ ಅಂಚೆಮನೆಯಲ್ಲೇ ಇರುತ್ತದೆ, ಮನೆಯ ಯಂತ್ರ ಅದನ್ನು ಪ್ರತಿಬಿಂಬಿಸುತ್ತದೆ. ಹಲವು ಯಂತ್ರಗಳಿಂದ ಓದುವವರಿಗೆ ಇದೇ ಅನುಕೂಲ. ಆದರೆ ಅಲ್ಲಿ ಅಳಿದದ್ದು ಇಲ್ಲಿಯೂ ಅಳಿಯುವುದೆಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅಗ್ಗದ ಖಾತೆ ಪಡೆದವರಿಗೆ ಕಾಣುತ್ತಿದ್ದುದು ಚಿತ್ರವಿಲ್ಲದ, ಬರಿಯ ಅಕ್ಷರಗಳ ಪರದೆ. ಸಂಪರ್ಕ ಕೊಟ್ಟವರೇ ವಿಳಾಸವನ್ನೂ ಕೊಡುತ್ತಿದ್ದರು. ಸಂಪರ್ಕ ಬಿಟ್ಟರೆ ವಿಳಾಸವೂ ಹೋಯಿತು.

ಈ ಕಟ್ಟನ್ನು ಬಿಡಿಸಿದವರಲ್ಲಿ ಬೆಂಗಳೂರಿನ ಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಒಬ್ಬರು. ಅವರೂ ಜ್ಯಾಕ್ ಸ್ಮಿತ್ ಎಂಬವರೂ ಕೂಡಿ 1996ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದಿನ, ಹಾಟ್‌ಮೇಲನ್ನು ಆರಂಭಿಸಿದರು. ಯಾವ ಊರಿನ ಯಾವ ಕಂಪ್ಯೂಟರಿನಿಂದಲಾದರೂ, ಒಂದು ಕಾಸೂ ಕೊಡದೆ ಕಾಗದ ನೋಡಬಹುದಾಯಿತು. ಮರುವರ್ಷದ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ನಾನು ವಿದ್ಯಾರ್ಥಿಯಾಗಿದ್ದಾಗ ಸೈಬರ್ ಕೆಫೆಯ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದ ಗೆಳೆಯರಿಗೆಲ್ಲ ಇಂಥ ಪುಕ್ಕಟೆ ವಿಳಾಸವೇ ಗತಿ. ಮನೆಯಲ್ಲಿ ಕಂಪ್ಯೂಟರು ಇದ್ದವರು ತೀರ ವಿರಳ. ಆದರೆ ಈ ಸ್ವಾತಂತ್ರ್ಯಕ್ಕೂ ಒಂದು ಬೆಲೆಯಿದ್ದಿತು. ಪೆಟ್ಟಿಗೆಯಲ್ಲಿ ಇದ್ದ ಜಾಗ 2 ಮೆಗಾಬೈಟು. ತುಂಬಿದರೆ ಹಳೆಯ ಕಾಗದ ಅಳಿಸಬೇಕು. ಹೀಗೆ ಅಳಿದದ್ದೆಷ್ಟೋ.

ಕನ್ನಡಿಗರಿಗೆ ಮತ್ತೂ ಒಂದು ತೊಡಕು. 1998ರಲ್ಲಿ 'ಬರಹ' ಬಂದು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ಸುಲಭವಾಯಿತು. ಆದರೆ ಪಡೆದವರ ಯಂತ್ರದಲ್ಲಿ ಅದೇ ಅಕ್ಷರಮಾದರಿ ಇಲ್ಲದಿದ್ದರೆ ಕಾಗದದ ಬದಲು ಗೋಜಲು ಚಿಹ್ನೆಗಳು ಕಾಣುತ್ತಿದ್ದುವು. ಯೂನಿಕೋಡಿನ ಬಳಕೆ ಹರಡಿದ ಮೇಲೆ ಈ ಕಷ್ಟ ತೀರಿತು. ಅದಕ್ಕೆ ಮೊದಲಿನ ಕನ್ನಡ ಕಾಗದಗಳನ್ನು ಓದಲು ಇಂದಿಗೂ ಆ ಹಳೆಯ ಅಕ್ಷರಗಳೋ ಯೂನಿಕೋಡಿಗೆ ಪರಿವರ್ತಿಸುವ ಸಾಧನವೋ ಬೇಕು.

2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆ ಜಿಮೇಲನ್ನು ಪ್ರಕಟಿಸಿ 1 ಗಿಗಾಬೈಟು ಜಾಗ ಕೊಡುತ್ತೇವೆಂದಾಗ ಹಲವರು ಅದನ್ನು ಮೂರ್ಖರ ದಿನದ ತಮಾಷೆಯೆಂದೇ ತಿಳಿದರು. ತಮಾಷೆಯಲ್ಲವೆಂದು ಗೊತ್ತಾದ ಮೇಲೆ ಕಾಗದ ಅಳಿಸುವ ಅಭ್ಯಾಸವೇ ತಪ್ಪಿತು; ಅದರೊಡನೆ ಮನೆಗೆ ತರುವ ಅಭ್ಯಾಸವೂ ತಪ್ಪಿತು. 2011ರ ಫೆಬ್ರವರಿಯಲ್ಲಿ ಒಂದು ದೋಷದಿಂದಾಗಿ ಸಾವಿರಾರು ಜನರ ಜಿಮೇಲ್ ಪೆಟ್ಟಿಗೆಗಳು ಬರಿದಾಗಿ ಕಂಡುವು. ಒಟ್ಟು ಬಳಕೆದಾರರಲ್ಲಿ ಅವರು ಶೇಕಡಾ 0.02ರಷ್ಟೇ. ಜಾಲಕ್ಕೆ ಸೇರದೆ ಬೇರೆಯಾಗಿದ್ದ ಕಾಂತೀಯ ಟೇಪುಗಳಿಂದ ಅವರ ಕಾಗದಗಳನ್ನು ಮರಳಿ ತುಂಬಲಾಯಿತು. ಆ ದೊಡ್ಡ ಸಂಸ್ಥೆಯನ್ನು ಅಂದು ಕಾಪಾಡಿದ್ದು ಬೇರೆಡೆ ಇಟ್ಟ ಒಂದು ಹಳೆಯ ಪ್ರತಿ.

ಎಲ್ಲರಿಗೂ ಆ ಭಾಗ್ಯವಿಲ್ಲ. ನನಗೆ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರು ಸಂಪರ್ಕ ಒದಗಿಸಿದ ಸಂಸ್ಥೆಯ ವಿಳಾಸವನ್ನೇ ಹತ್ತು ವರ್ಷ ಬಳಸಿದ್ದರು. ಸಂಸ್ಥೆ ಆ ಸೇವೆಯನ್ನು ಮುಚ್ಚಿತು. ಗ್ರಂಥಸಂಪಾದನೆಯ ವಿಷಯವಾಗಿ ಊರೂರಿನ ವಿದ್ವಾಂಸರೊಡನೆ ಅವರು ನಡೆಸಿದ ವಾದವೆಲ್ಲ ಅದರೊಡನೆ ಹೋಯಿತು. ಒಂದು ಪಾಠಾಂತರವನ್ನು ಏಕೆ ಒಪ್ಪಿದೆವು, ಇನ್ನೊಂದನ್ನು ಏಕೆ ಬಿಟ್ಟೆವು ಎಂಬುದಕ್ಕೆ ಈಗ ಅವರ ನೆನಪೊಂದೇ ಸಾಕ್ಷಿ. ಖಾತೆಯ ಒಡೆಯರು ತೀರಿಕೊಂಡರಂತೂ ಪಾಡು ಇನ್ನೂ ಕಷ್ಟ. ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸುವ ಕೆಲಸಕ್ಕೆ ಗೂಗಲ್ 2023ರ ಡಿಸೆಂಬರಿನಿಂದ ತೊಡಗಿದೆ. ಅಟ್ಟದ ಪೆಟ್ಟಿಗೆಯಾದರೆ ಮೊಮ್ಮಗ ತೆರೆದಾನು; ಗುಪ್ತಪದ ಗೊತ್ತಿಲ್ಲದ ಪೆಟ್ಟಿಗೆಯನ್ನು ಯಾರು ತೆರೆಯಬೇಕು?

ಆದುದರಿಂದ ಸೇವೆಯನ್ನು ಆರಿಸುವಾಗ ಜಾಗವೆಷ್ಟು, ಪುಕ್ಕಟೆಯೋ ಎಂಬುದಕ್ಕಿಂತ ಮೊದಲು ಕೇಳಬೇಕಾದುದು ಎರಡು. ಪಾಪ್ ಅಥವಾ ಐಮ್ಯಾಪ್ ಮೂಲಕ ನನ್ನ ಕಾಗದಗಳನ್ನು ಮನೆಗೆ ತರಲು ಇದು ಬಿಡುತ್ತದೆಯೆ? ಕೆಲವು ಸೇವೆಗಳು ಹಣ ಕೊಟ್ಟವರಿಗೆ ಮಾತ್ರ ಈ ಬಾಗಿಲು ತೆರೆಯುತ್ತವೆ. ಅದನ್ನು ವಿಚಾರಿಸಿಯೇ ಸೇರಬೇಕು. ಎರಡನೆಯದು, ಸೇವೆ ಬಿಟ್ಟರೆ ವಿಳಾಸ ನನ್ನೊಡನೆ ಬರುತ್ತದೆಯೆ? ಸಂಪರ್ಕ ಕೊಡುವವರ ವಿಳಾಸ ಬಾರದು, ಪುಕ್ಕಟೆಯದೂ ಬಾರದು. ವರ್ಷಕ್ಕಿಷ್ಟೆಂದು ಹಣ ಕಟ್ಟಿ ಸ್ವಂತ ಹೆಸರಿನ ಡೊಮೈನ್ ಇಟ್ಟುಕೊಂಡವರದು ಮಾತ್ರ ಬರುತ್ತದೆ. ಅಷ್ಟು ಬೇಡವೆನ್ನುವವರು ಬಹುಕಾಲದಿಂದ ನಡೆದುಬಂದ ದೊಡ್ಡ ಸೇವೆಯೊಂದನ್ನು ಹಿಡಿದರೆ ಸಾಕು. ಮನೆಯ ಕಂಪ್ಯೂಟರಿಗೆ 2004ರಿಂದ ಬಳಕೆಯಲ್ಲಿರುವ ಥಂಡರ್‌ಬರ್ಡ್‌ನಂಥ ಉಚಿತ ಪ್ರೋಗ್ರಾಮನ್ನು ಹಾಕಿಕೊಂಡು, ವರ್ಷಕ್ಕೊಮ್ಮೆ ಎಲ್ಲ ಕಾಗದಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ಇಳಿಸಿ, ಗುಪ್ತಪದವನ್ನು ಮನೆಯ ಒಬ್ಬರಿಗಾದರೂ ತಿಳಿಸಿಟ್ಟರೆ ಮುಗಿಯಿತು. ಇದು ಒಂದು ಭಾನುವಾರದ ಮಧ್ಯಾಹ್ನದ ಕೆಲಸ.

ಅಂಚೆಗಳು ಬರುತ್ತವೆ, ಹೋಗುತ್ತವೆ. ಮೈಸೂರಿನ ಅಂಚೆ ಹೋದಾಗ ಜನ ಬೇರೊಂದು ಅಂಚೆಯ ಮೂಲಕ ಬರೆಯುತ್ತಲೇ ಹೋದರು. ಬಂದ ಕಾಗದ ಅವರ ಮನೆಯಲ್ಲಿದ್ದಿತು.