ಬಿಲ್ಲಿನ ಹೆದೆಯಿಂದ ಸೈನ್ ಅಲೆಯವರೆಗೆ

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಪ್ಲಸ್ ವನ್ ಸೇರುವ ನಮ್ಮ ಕಾಸರಗೋಡಿನ ಮಕ್ಕಳನ್ನು ಹೆದರಿಸುವ ಪದಗಳಲ್ಲಿ ಸೈನ್, ಕೊಸೈನ್ ಕೂಡ ಇವೆ. ಹತ್ತರಲ್ಲಿ ಅವು ತ್ರಿಕೋನದ ಬಾಹುಗಳ ಲೆಕ್ಕ. ಅಲ್ಲಿ ಇದ್ದಕ್ಕಿದ್ದಂತೆ ಅಲೆಗಳಾಗಿ ಎದುರು ನಿಲ್ಲುತ್ತವೆ. "ಇಂಗ್ಲಿಷ್ ಬಾರದ್ದಕ್ಕೆ ಅರ್ಥವಾಗಲಿಲ್ಲ ಸಾರ್" ಎನ್ನುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಆ ಪದದಿಂದ ಏನೂ ತಿಳಿಯದು ಎಂಬುದು ಅವರಿಗೆ ಗೊತ್ತಿಲ್ಲ. ಅದು ದಾರಿಯಲ್ಲಿ ಅರ್ಥ ಕಳೆದುಕೊಂಡ ಪದ.

ಕ್ರಿ.ಶ. 499ರಲ್ಲಿ ತನಗೆ 23 ವರ್ಷವೆಂದು ಹೇಳಿಕೊಂಡಿರುವ ಆರ್ಯಭಟನ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ವೃತ್ತದ ಕಂಸವನ್ನು ಬಿಲ್ಲು ಎಂದುಕೊಂಡರೆ, ತುದಿಗಳನ್ನು ಸೇರಿಸುವ ಗೆರೆ ಹೆದೆ, ಅಂದರೆ ಜ್ಯಾ. ಲೆಕ್ಕಕ್ಕೆ ಬೇಕಾದದ್ದು ಅದರ ಅರ್ಧ. ಅರ್ಧಜ್ಯಾ ಎನ್ನುವುದು ಬಳಕೆಯಲ್ಲಿ ಬರೀ ಜ್ಯಾ, ಜೀವಾ ಆಯಿತು. ಪೂರಕ ಕೋನದ ಜ್ಯಾ ಕೋಟಿಜ್ಯಾ.

ಅರಬರು ಜೀವಾ ಪದವನ್ನು ಜೀಬ ಎಂದು ಉಳಿಸಿಕೊಂಡರು. ಅವರ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಮುಂದೆ ಅದನ್ನು ಜೈಬ್ ಎಂದು ಓದಿದರು: ಉಡುಪಿನ ಎದೆಭಾಗದ ಮಡಿಕೆ! 12ನೇ ಶತಮಾನದ ಲ್ಯಾಟಿನ್ ಅನುವಾದಕರು ಅದನ್ನೇ ಸೈನಸ್ ಎಂದರು. (ನಮ್ಮ ಅಂಗಿಯ ಜೇಬು ಕೂಡ ಅದೇ ಅರಬ್ಬಿ ಪದ, ಪರ್ಶಿಯನ್ ಮೂಲಕ ಬಂದದ್ದು.) ಪೂರಕ ಕೋನದ ಸೈನಸ್‌ಗೆ ಕೊ-ಸೈನಸ್ ಎಂಬ ಹೆಸರನ್ನು 1620ರಲ್ಲಿ ಎಡ್ಮಂಡ್ ಗುಂಟರ್ ಬಳಸಿದ.

ಜ್ಯಾ ಕೇರಳದಲ್ಲೂ ಬೆಳೆಯಿತು. 14ನೇ ಶತಮಾನದ ಸಂಗಮಗ್ರಾಮದ ಮಾಧವ ಜ್ಯಾ, ಕೋಟಿಜ್ಯಾಗಳಿಗೆ ಅನಂತ ಶ್ರೇಣಿಗಳನ್ನು ಕಂಡುಹಿಡಿದ. ಅವುಗಳ ಸಾಧನೆಯನ್ನು ಜ್ಯೇಷ್ಠದೇವ 1530ರ ಸುಮಾರಿಗೆ 'ಯುಕ್ತಿಭಾಷಾ'ದಲ್ಲಿ ಬರೆದ, ಅದೂ ಸಂಸ್ಕೃತದಲ್ಲಲ್ಲ, ಮಲಯಾಳ ಗದ್ಯದಲ್ಲಿ.

ಅಲೆಯನ್ನು ನಾವು ಆರ್ಯಭಟನ ಪಟ್ಟಿಯಿಂದಲೇ ಬರೆಸುತ್ತೇವೆ. ಪರಿಧಿ 21,600 ಕಲೆ, ತ್ರಿಜ್ಯ 3,438. ಕಾಲು ವೃತ್ತಕ್ಕೆ 24 ಹೆಜ್ಜೆ, ಒಂದೊಂದು 225 ಕಲೆ. ಆತ ಕೊಟ್ಟದ್ದು ಪ್ರತಿ ಹೆಜ್ಜೆಗೆ ಜ್ಯಾ ಎಷ್ಟು ಏರುತ್ತದೆ ಎಂಬುದನ್ನು: ಮೊದಲು 225, ಆಮೇಲೆ 224, 222, 219... ಕೊನೆಗೆ 22, 7. ಕೂಡಿಸುತ್ತಾ ಹೋಗಿ, ಅರ್ಧ ಹೆದೆಗಳನ್ನು ಗ್ರಾಫ್ ಹಾಳೆಯಲ್ಲಿ ಪಕ್ಕಪಕ್ಕ ನಿಲ್ಲಿಸಿದರೆ ಮೊದಲು ಕಡಿದಾದ ಏರು, ತುದಿಯಲ್ಲಿ ಸಮತಟ್ಟು. ಅದೇ ಸೈನ್ ಅಲೆಯ ಮೊದಲ ಕಾಲುಭಾಗ. ಬರೀ ಏರಿಕೆಗಳನ್ನು ಗುರುತಿಸಿದರೆ ಹೆಚ್ಚುಕಡಿಮೆ ಕೊಸೈನಿನ ಇಳಿಜಾರೇ ಮೂಡುತ್ತದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅಲೆ ಸೊನ್ನೆಗಿಂತ ಕೆಳಗೆ ಯಾಕೆ ಹೋಗ್ತದೆ ಸಾರ್?" ಎಂದು ಕೇಳಿದಳು. ನಾವು ಬಾಯಿ ತೆರೆಯುವ ಮೊದಲೇ ಪಕ್ಕದವಳು ಬೋರ್ಡಿನ ವೃತ್ತದ ಕೆಳ ಅರ್ಧವನ್ನು ತೋರಿಸಿದಳು: "ಅಲ್ಲಿ ಹೆದೆ ಕೆಳಗೆ ಉಂಟಲ್ಲಾ."